ಡಿಜಿಟಲ್ ಮಿಕ್ಸರ್: ಸಂಗೀತ ಕಾರ್ಯಕ್ರಮಗಳಿಗೆ ಆರಿಸುವ ಬಗೆ

ವೇದಿಕೆಯ ಮೈಕುಗಳಿಂದಲೂ ವಾದ್ಯಗಳಿಂದಲೂ ಬರುವ ವಿದ್ಯುತ್ ಸಂಕೇತಗಳನ್ನು ಒಂದೆಡೆ ಬರಮಾಡಿಕೊಂಡು, ಒಂದೊಂದರ ಮಟ್ಟವನ್ನೂ ನಾದದ ಗುಣವನ್ನೂ ತಿದ್ದಿ, ಬೇಕಾದ ಪ್ರಮಾಣದಲ್ಲಿ ಬೆರೆಸಿ, ಸಭೆಯ ಸ್ಪೀಕರುಗಳಿಗೆ, ಕಲಾವಿದರ ಮಾನಿಟರುಗಳಿಗೆ, ಧ್ವನಿಮುದ್ರಣಕ್ಕೆ ಬೇರೆಬೇರೆಯಾಗಿ ಕಳುಹಿಸುವ ಯಂತ್ರವೇ ಮಿಕ್ಸರ್. ಈ ಕೆಲಸವನ್ನೆಲ್ಲ ಸರ್ಕಿಟ್ಟಿನಲ್ಲಿ ಹರಿಯುವ ವೋಲ್ಟೇಜಿನಿಂದಲೇ ಮಾಡುವುದು ಅನಲಾಗ್ ಮಿಕ್ಸರ್. ಬಂದ ಸಂಕೇತವನ್ನು ಸಂಖ್ಯೆಗಳಾಗಿಸಿ, ಲೆಕ್ಕದಿಂದ ತಿದ್ದಿ ಬೆರೆಸಿ, ಕೊನೆಗೆ ಮತ್ತೆ ವೋಲ್ಟೇಜಾಗಿಸಿ ಹೊರಬಿಡುವುದು ಡಿಜಿಟಲ್ ಮಿಕ್ಸರ್. ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಚಾನೆಲ್?’ ಎಂದು, ಆಮೇಲೆ ‘ಸೌಂಡ್ ಹೇಗಿದೆ?’ ಎಂದು. ಜನರೆದುರು ನೇರವಾಗಿ ನಡೆಯುವ ಸಂಗೀತದ ಮಟ್ಟಿಗೆ ಈ ಎರಡು ಪ್ರಶ್ನೆಗಳೂ ಹಿಂದಿನ ಸಾಲಿಗೆ ಸೇರಬೇಕು ಎಂಬುದು ಈ ಲೇಖನದ ವಾದ. ಮೊದಲು ಎಣಿಸಬೇಕಾದವು ಯಂತ್ರದಿಂದ ಹೊರಹೋಗುವ ಮಿಕ್ಸುಗಳು. ಅವನ್ನು ನಿಭಾಯಿಸುವವರ ಕೈಗೆ ಬೇಕಾದದ್ದು ಎಷ್ಟು ಬೇಗ ಸಿಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ಉಳಿದ ಗುಣಗಳು ಮುಖ್ಯವಾದರೂ ಈ ಎರಡರ ನಂತರ ಬರುತ್ತವೆ.

ಇಂದು ಹೀಗೆ ವಾದಿಸಲು ಸಾಧ್ಯವಾಗಿರುವುದಕ್ಕೆ ಈ ಯಂತ್ರದ ಚರಿತ್ರೆಯೇ ಕಾರಣ. ಜಪಾನಿನ ಯಮಹಾ 1987ರಲ್ಲಿ ತಂದ ಡಿಎಂಪಿ7 ಎಂಬ 8 ಚಾನೆಲ್ಲಿನ ಪುಟ್ಟ ಡಿಜಿಟಲ್ ಮಿಕ್ಸರಿನಲ್ಲಿ ಮಟ್ಟವನ್ನು ಏರಿಸಿ ಇಳಿಸುವ ಜಾರುಗುಂಡಿಗಳಾದ ಫೇಡರುಗಳು ಮೋಟಾರಿನಿಂದ ತಾವಾಗಿ ಚಲಿಸುತ್ತಿದ್ದವು. 1995ರ 02ಆರ್ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಬೇರೂರಿತು. ವೇದಿಕೆಗಿಂತ ಮೊದಲು ಸ್ಟುಡಿಯೋ ಇದನ್ನು ಒಪ್ಪಿಕೊಂಡದ್ದು ಸಹಜ. ಅಲ್ಲಿ ಯಂತ್ರ ಕೈಕೊಟ್ಟರೆ ಇನ್ನೊಂದು ಟೇಕ್ ತೆಗೆದುಕೊಳ್ಳಬಹುದು, ಸಾವಿರಾರು ಜನರೆದುರು ಆ ಅವಕಾಶವಿಲ್ಲ. ಯಮಹಾದ ಪಿಎಂ1ಡಿ 2000ದಲ್ಲಿ, ಇಂಗ್ಲೆಂಡಿನ ಡಿಜಿಕೋ ಕಂಪನಿಯ ಡಿ5 ಲೈವ್ 2002ರಲ್ಲಿ ಬಂದ ಮೇಲೆ ದೊಡ್ಡ ಪ್ರವಾಸಿ ತಂಡಗಳು ಅನಲಾಗನ್ನು ಬಿಡತೊಡಗಿದವು. ಯಮಹಾ ಎಂ7ಸಿಎಲ್ ಮತ್ತು ಡಿಜಿಡಿಸೈನ್ ವೆನ್ಯೂ 2005ರಲ್ಲಿ ಬಂದವು. 2012ರ ಬೆಹ್ರಿಂಗರ್ ಎಕ್ಸ್32 ಬೆಲೆಯ ಲೆಕ್ಕವನ್ನೇ ಬದಲಿಸಿತು. ಬೆಹ್ರಿಂಗರ್ ಸಮೂಹ 2009ರಲ್ಲಿ ಹೆಸರಾಂತ ಮಿಡಾಸ್ ಕಂಪನಿಯನ್ನು ಕೊಂಡಿತ್ತು; ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪಿನ ಮಿಡಾಸ್ ಪರಂಪರೆಯ ವಿನ್ಯಾಸ ಈ ಅಗ್ಗದ ಮಿಕ್ಸರಿಗೂ ಇಳಿಯಿತು. ಒಂದು ಕಾಲಕ್ಕೆ ಲಾರಿಯಲ್ಲಿ ಸಾಗಿಸಬೇಕಿದ್ದ ರ‍್ಯಾಕುಗಳ ತುಂಬ ಇರುತ್ತಿದ್ದ ಈಕ್ವಲೈಸರ್, ಕಂಪ್ರೆಸರ್, ಗೇಟ್, ರಿವರ್ಬ್ ಯಂತ್ರಗಳು ಈಗ ಮಧ್ಯಮ ಬೆಲೆಯ ಯಾವುದೇ ಡಿಜಿಟಲ್ ಮಿಕ್ಸರಿನ ಒಳಗೇ ಇವೆ. ಎಲ್ಲದರಲ್ಲೂ ಇರುವ ಗುಣ ಆಯ್ಕೆಗೆ ಆಧಾರವಾಗದು. ವ್ಯತ್ಯಾಸ ಉಳಿದಿರುವುದು ಬೇರೆಡೆ.

ಹೊರಹೋಗುವ ಮಿಕ್ಸುಗಳು ಎಷ್ಟೊಂದು ಆಗುತ್ತವೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಸಭೆಯ ಎಡಬಲದ ಸ್ಪೀಕರುಗಳು ಎರಡು ಎಂದೇ ಹಲವರ ಲೆಕ್ಕ ನಿಲ್ಲುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಕುಳಿತವರ ತಲೆಯ ಮೇಲಿಂದ ದೊಡ್ಡ ಸ್ಪೀಕರುಗಳ ಧ್ವನಿ ಹಾದುಹೋಗುವುದರಿಂದ ಅವರಿಗಾಗಿ ವೇದಿಕೆಯ ಅಂಚಿನಲ್ಲಿ ಚಿಕ್ಕ ಸ್ಪೀಕರುಗಳು ಬೇಕು. ಸಬ್‌ವೂಫರಿಗೆ ಪ್ರತ್ಯೇಕ ಮಟ್ಟ ಬೇಕು. ಮೈದಾನ ಉದ್ದವಾಗಿದ್ದರೆ ನಡುವೆ ಇನ್ನೊಂದು ಜೊತೆ ಸ್ಪೀಕರು ನಿಲ್ಲಿಸಬೇಕು, ಅದಕ್ಕೆ ತಡವನ್ನೂ ಕೊಡಬೇಕು: ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ 34 ಮೀಟರ್ ದಾಟಲು ಹೆಚ್ಚುಕಡಿಮೆ 100 ಮಿಲಿಸೆಕೆಂಡ್. ತಂತಿಯಲ್ಲಿ ಹೋದ ಸಂಕೇತ ಕ್ಷಣಮಾತ್ರದಲ್ಲಿ ತಲುಪಿಬಿಡುವುದರಿಂದ, ತಡ ಕೊಡದಿದ್ದರೆ ಹಿಂದಿನವರಿಗೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳುತ್ತದೆ. ಇನ್ನು ಯೂಟ್ಯೂಬ್ ನೇರಪ್ರಸಾರ. ಸಭೆಗೆ ಹೋಗುವ ಮಿಕ್ಸನ್ನೇ ಅದಕ್ಕೂ ಕೊಟ್ಟುಬಿಡುವುದು ಎಲ್ಲೆಡೆ ಕಾಣುವ ರೂಢಿ, ಮತ್ತು ತಪ್ಪು ರೂಢಿ. ಚಂಡೆಯೋ ಡ್ರಮ್ಮೋ ಸಭಾಂಗಣದಲ್ಲಿ ಮೈಕಿನ ಹಂಗಿಲ್ಲದೆ ತಾನೇ ಮೊಳಗುತ್ತದೆ, ಹಾಗಾಗಿ ಆಪರೇಟರ್ ಅದರ ಫೇಡರನ್ನು ತೀರ ಕೆಳಗಿಟ್ಟಿರುತ್ತಾನೆ. ಅದೇ ಮಿಕ್ಸನ್ನು ಮನೆಯಲ್ಲಿ ಫೋನಿನಲ್ಲಿ ಕೇಳುವವರಿಗೆ ಹಾಡು ಮಾತ್ರ ಕೇಳಿ ತಾಳವಾದ್ಯ ಎಲ್ಲೋ ದೂರದಲ್ಲಿ ತಟ್ಟಿದಂತಿರುತ್ತದೆ. ನೇರಪ್ರಸಾರಕ್ಕೆ ಒಂದೊಂದು ಚಾನೆಲ್ಲನ್ನೂ ಬೇರೆಯಾಗಿ ಹೊಂದಿಸಬಲ್ಲ ಸ್ವತಂತ್ರ ಮಿಕ್ಸ್ ಬೇಕೇ ಬೇಕು.

ಕರ್ನಾಟಕದ ಊರೂರುಗಳಲ್ಲಿ ನಡೆಯುವ ರಸಮಂಜರಿ ಕಾರ್ಯಕ್ರಮವನ್ನೇ ತೆಗೆದುಕೊಂಡು ಎಣಿಸಿ ನೋಡಬಹುದು. ಗಾಯಕರು ನಾಲ್ವರು, ನಿರೂಪಕರು ಇಬ್ಬರು. ಎರಡು ಕೀಬೋರ್ಡುಗಳಿಗೆ ನಾಲ್ಕು ಚಾನೆಲ್, ಗಿಟಾರು ಒಂದು, ಬೇಸ್ ಒಂದು, ಡ್ರಮ್ ಸೆಟ್ಟಿಗೆ ಎಂಟು, ರಿದಂ ಪ್ಯಾಡಿಗೆ ಎರಡು, ತಬಲಕ್ಕೆ ಎರಡು, ಢೋಲಕ್ಕಿಗೆ ಎರಡು, ಕೊಳಲಿಗೆ ಒಂದು, ಲ್ಯಾಪ್‌ಟಾಪಿಗೆ ಎರಡು. ಒಟ್ಟು 29. 32 ಚಾನೆಲ್ಲಿನ ಮಿಕ್ಸರ್ ಸಾಕೆಂದು ಇಲ್ಲಿಗೇ ತೀರ್ಮಾನವಾಗಿಬಿಡುತ್ತದೆ. ಈಗ ಹೊರಹೋಗುವುದನ್ನು ನೋಡಬೇಕು. ಕೀಬೋರ್ಡಿನ ಇಬ್ಬರು, ಗಿಟಾರ್, ಬೇಸ್, ಡ್ರಮ್‌ನವರು ಕಿವಿಯೊಳಗಿನ ಇನ್-ಇಯರ್ ಬಳಸಿದರೆ, ಸ್ಟೀರಿಯೋ ಆದ್ದರಿಂದ ಐವರಿಗೆ ಹತ್ತು ಮಿಕ್ಸ್. ಗಾಯಕರ ಮುಂದಿನ ಮಾನಿಟರುಗಳಿಗೆ ಎರಡು, ತಬಲ-ಢೋಲಕ್-ಕೊಳಲಿನವರಿಗೆ ಒಂದು. ದನಿಗೆ ಒಂದು ರಿವರ್ಬ್, ವಾದ್ಯಗಳಿಗೆ ಒಂದು, ಎಕೋ ಒಂದು. ಎಫೆಕ್ಟಿಗೆ ಹೀಗೆ ಮೂರು. ನೇರಪ್ರಸಾರಕ್ಕೆ ಎರಡು. ಒಟ್ಟು 18 ಆಯಿತು, ಸಭೆಯ ಸ್ಪೀಕರುಗಳನ್ನು ಇನ್ನೂ ಎಣಿಸಿಲ್ಲ. ಎಕ್ಸ್32ರ 25 ಹೊರದಾರಿಗಳಲ್ಲಿ 16 ಮಿಕ್ಸ್, ಆರು ಮ್ಯಾಟ್ರಿಕ್ಸ್, ಮೂರು ಮುಖ್ಯ. ಎಫೆಕ್ಟಿಗೆ ಕಳುಹಿಸುವುದೂ ಆ 16ರಲ್ಲೇ ಆಗಬೇಕಾದ್ದರಿಂದ ಚಾನೆಲ್ ಮೂರು ಮಿಗುತ್ತಿರುವಾಗಲೇ ಮಿಕ್ಸ್ ಎರಡು ಕಡಿಮೆ ಬೀಳುತ್ತದೆ. ಮ್ಯಾಟ್ರಿಕ್ಸ್ ಎಂಬುದು ಈಗಾಗಲೇ ಬೆರೆತದ್ದನ್ನು ಮತ್ತೊಮ್ಮೆ ಹಂಚುವ ದಾರಿ. ಸಬ್‌ವೂಫರಿಗೂ ನಡುವಿನ ಸ್ಪೀಕರಿಗೂ ಅದು ಚೆನ್ನಾಗಿ ಒದಗುತ್ತದೆಯಾದರೂ ಅಲ್ಲಿ ಒಂದೊಂದು ವಾದ್ಯವನ್ನು ಬಿಡಿಯಾಗಿ ಏರಿಸಿ ಇಳಿಸಲು ಬರುವುದಿಲ್ಲ.

ತಯಾರಕರ ಪಟ್ಟಿಗಳನ್ನು ಈ ಕಣ್ಣಿನಿಂದ ಓದಿದರೆ ಬೇರೆಯದೇ ಚಿತ್ರ ಮೂಡುತ್ತದೆ. ಯಮಹಾ ಕ್ಯೂಎಲ್1ರಲ್ಲಿ 32 ಮೋನೋ ಚಾನೆಲ್, ಕ್ಯೂಎಲ್5ರಲ್ಲಿ 64; ಮಿಕ್ಸ್ ಮಾತ್ರ ಎರಡರಲ್ಲೂ 16, ಮ್ಯಾಟ್ರಿಕ್ಸ್ ಎರಡರಲ್ಲೂ ಎಂಟು. ಹೆಚ್ಚು ಹಣ ಕೊಟ್ಟವರಿಗೆ ಒಳಬರುವ ದಾರಿ ಇಮ್ಮಡಿಯಾಯಿತು, ಹೊರಹೋಗುವ ಮಿಕ್ಸ್ ಒಂದೂ ಹೆಚ್ಚಲಿಲ್ಲ. ಅಲೆನ್ ಅಂಡ್ ಹೀತ್ ಕಂಪನಿಯ ಎಸ್‌ಕ್ಯೂ ಸರಣಿಯಲ್ಲಿ 48 ಚಾನೆಲ್ಲುಗಳಿಗೆ 12 ಮಿಕ್ಸುಗಳಿವೆ. ಸಂಖ್ಯೆ 16ಕ್ಕಿಂತ ಕಡಿಮೆಯೆಂದು ಕಂಡರೂ ಪ್ರತಿಯೊಂದೂ ಸ್ಟೀರಿಯೋ ಆಗಬಲ್ಲದು, ಎಫೆಕ್ಟಿಗೆ ಬೇರೆ ದಾರಿಗಳಿವೆ. ಮೇಲಿನ ರಸಮಂಜರಿ ಅದರಲ್ಲಿ ಒಂಬತ್ತು ಮಿಕ್ಸಿಗೆ ಮುಗಿದು ಮೂರು ಉಳಿಯುತ್ತವೆ. ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ: ವಾದ್ಯಗಾರರಿಗೆ ತಲಾ ಒಂದು ಚಿಕ್ಕ ಪರ್ಸನಲ್ ಮಿಕ್ಸರ್ ಕೊಟ್ಟರೆ ಅವರವರ ಕಿವಿಗೆ ಬೇಕಾದದ್ದನ್ನು ಅವರೇ ಹೊಂದಿಸಿಕೊಳ್ಳುತ್ತಾರೆ, ಮುಖ್ಯ ಮಿಕ್ಸರಿನಲ್ಲಿ ಹತ್ತು ಮಿಕ್ಸ್ ಉಳಿಯುತ್ತದಲ್ಲವೇ? ಉಳಿಯುತ್ತದೆ, ನಿಜ. ಬೆಹ್ರಿಂಗರ್ ಪಿ16 ಅಂಥದ್ದೇ ವ್ಯವಸ್ಥೆ, ಅದಕ್ಕೆ 16 ಚಾನೆಲ್ ಒಂದೇ ಕೇಬಲ್ಲಿನಲ್ಲಿ ಹೋಗುತ್ತವೆ. ಒಂದೇ ತಂಡ ವರ್ಷವಿಡೀ ಜೊತೆಯಾಗಿ ನುಡಿಸುವ ಆರ್ಕೆಸ್ಟ್ರಾಗಳಿಗೆ ಇದು ಒಳ್ಳೆಯ ಪರಿಹಾರ. ದಿನಕ್ಕೊಂದು ತಂಡ ಬರುವ ಉತ್ಸವದಲ್ಲಿ, ಗುಂಡಿಗಳ ರೂಢಿಯಿಲ್ಲದ ಜನಪದ ಕಲಾವಿದರ ಮುಂದೆ ಅದನ್ನಿಟ್ಟರೆ ಅವರ ಗಮನ ಹಾಡಿನಿಂದ ಯಂತ್ರಕ್ಕೆ ಹೋಗುತ್ತದೆ. ಆದ್ದರಿಂದ ಬಾಡಿಗೆಗೆ ಕೊಡುವ ಸೌಂಡ್ ಸಿಸ್ಟಂನವರು ಇದನ್ನೇ ನೆಚ್ಚಿ ಮಿಕ್ಸ್ ಕಡಿಮೆಯಿರುವ ಯಂತ್ರ ಕೊಳ್ಳುವುದು ಕ್ಷೇಮವಲ್ಲ.

ಏಳೆಂಟು ಮೈಕಿನ ಸಂಗೀತ ಕಚೇರಿಗೆ ಇದೆಲ್ಲ ಯಾಕೆ, ಚಿಕ್ಕ ಅನಲಾಗ್ ಮಿಕ್ಸರ್ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಗಾಯನ, ಪಿಟೀಲು, ಮೃದಂಗಕ್ಕೆ ಎರಡು, ಘಟ ಅಥವಾ ಖಂಜಿರ, ಮೋರ್ಸಿಂಗ್, ತಂಬೂರಿ. ಇಷ್ಟಕ್ಕೆ ಅನಲಾಗ್ ಸಾಲುತ್ತದೆ, ಒಂದೇ ಸಭಾಂಗಣದಲ್ಲಿ ಅದೇ ಸ್ಪೀಕರುಗಳೊಡನೆ ವಾರಕ್ಕೊಂದು ಕಚೇರಿ ನಡೆಸುವ ಸಂಸ್ಥೆ ಅದನ್ನು ಬದಲಿಸಬೇಕಾದ ತುರ್ತೂ ಇಲ್ಲ. ಆದರೆ ಕಚೇರಿಯ ಕಷ್ಟವಿರುವುದು ಸಂಖ್ಯೆಯಲ್ಲಲ್ಲ, ಮಾನಿಟರಿನಲ್ಲಿ. ಗಾಯಕರು ಶ್ರುತಿಯನ್ನೂ ತಮ್ಮ ದನಿಯನ್ನೂ ಜೋರಾಗಿ ಕೇಳಬಯಸುತ್ತಾರೆ. ಮಾನಿಟರು ಮೈಕಿಗೆ ಬಹಳ ಹತ್ತಿರವಿರುತ್ತದೆ. ಕೂತು ಹಾಡುವುದರಿಂದ ಅದನ್ನು ದೂರ ಸರಿಸಲೂ ಆಗುವುದಿಲ್ಲ. ಮಾನಿಟರಿನಿಂದ ಹೊರಟ ದನಿ ಮೈಕಿಗೆ ಮರಳಿ ಸೇರಿ ಸಿಳ್ಳೆ ಹಾಕುವ ಫೀಡ್‌ಬ್ಯಾಕನ್ನು ತಡೆಯಲು, ಸಿಳ್ಳೆಯ ಆವರ್ತನವನ್ನಷ್ಟೇ ಗುರುತಿಸಿ ಆ ಮಾನಿಟರಿನಲ್ಲಿ ಮಾತ್ರ ತಗ್ಗಿಸಬೇಕು. ಅನಲಾಗ್ ವ್ಯವಸ್ಥೆಯಲ್ಲಿ ಪ್ರತಿ ಮಾನಿಟರಿಗೂ 31 ಪಟ್ಟಿಯ ಒಂದೊಂದು ಗ್ರಾಫಿಕ್ ಈಕ್ವಲೈಸರನ್ನು ಹೊರಗಿನಿಂದ ಜೋಡಿಸಬೇಕು. ಡಿಜಿಟಲ್ ಮಿಕ್ಸರಿನಲ್ಲಿ ಪ್ರತಿ ಮಿಕ್ಸಿನ ಮೇಲೂ ಈಕ್ವಲೈಸರ್ ಮೊದಲೇ ಇರುತ್ತದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಹೆಸರಾದ ರಾಮನವಮಿ ಸಂಗೀತೋತ್ಸವದಂತೆ ಚಪ್ಪರದಡಿ ದಿನವೂ ಬೇರೆ ಬೇರೆ ಕಲಾವಿದರು ಕೂರುವ ಕಡೆಗಳಲ್ಲಿ ಮಿಕ್ಸರಿನ ಎಲ್ಲ ಹೊಂದಾಣಿಕೆಗಳನ್ನು ಒಂದು ‘ಸೀನ್’ ಆಗಿ ಉಳಿಸಿಡುವ ಸೌಲಭ್ಯವೂ ಉಪಕಾರಿ. ಗಾಯನದ ಕಚೇರಿಗೊಂದು, ವೀಣೆಗೊಂದು, ನಾದಸ್ವರಕ್ಕೊಂದು ಸೀನ್ ಇದ್ದರೆ ಆರಂಭ ಸೊನ್ನೆಯಿಂದ ಆಗಬೇಕಿಲ್ಲ. ಆದರೂ ಸೀನ್ ನೆನಪಿಡುವುದು ಸಂಖ್ಯೆಗಳನ್ನಷ್ಟೇ. ಮೈಕು ಎಷ್ಟು ದೂರದಲ್ಲಿದೆ, ಆವತ್ತು ಗಾಯಕರ ಗಂಟಲು ಹೇಗಿದೆ ಎಂಬುದು ಅದಕ್ಕೆ ತಿಳಿಯದು. ನಮ್ಮ ಕಚೇರಿಗಳಲ್ಲಿ ಬೇರೆಯಾಗಿ ಸೌಂಡ್ ಚೆಕ್ ನಡೆಯುವುದೇ ಅಪರೂಪವಾದ್ದರಿಂದ ಆರಂಭದ ವರ್ಣ ಮುಗಿಯುವುದರೊಳಗೆ ಎಲ್ಲವೂ ಹದಕ್ಕೆ ಬರಬೇಕು. ಗಾಯಕರು ಹಾಡುತ್ತಲೇ ಮಾನಿಟರಿನ ಕಡೆ ಬೆರಳು ತೋರಿ ಮೇಲೆತ್ತುತ್ತಾರೆ. ಆಪರೇಟರಿಗೆ ಆಗ ಇರುವುದು ಒಂದೆರಡು ಆವರ್ತದ ಸಮಯ.

ಇಲ್ಲಿಂದಲೇ ಕೈಯ ಪ್ರಶ್ನೆ ಶುರುವಾಗುತ್ತದೆ. ಎಸ್‌ಕ್ಯೂ ಸರಣಿಯ 5, 6, 7 ಎಂಬ ಮೂರು ಮಾದರಿಗಳ ಒಳಗಿನ ಎಂಜಿನ್ ಒಂದೇ: ಅದೇ 48 ಚಾನೆಲ್, ಅದೇ ಮಿಕ್ಸುಗಳು, ಅದೇ ಧ್ವನಿ. ಮುಖ್ಯ ವ್ಯತ್ಯಾಸ ಮೇಲ್ಮೈಯದು. ಮುಖ್ಯ ಫೇಡರನ್ನು ಬಿಟ್ಟರೆ ಕ್ರಮವಾಗಿ 16, 24, 32 ಫೇಡರುಗಳು, ಹಿಂಬದಿಯಲ್ಲಿ ಅಷ್ಟಷ್ಟೇ ಮೈಕ್ ಸಾಕೆಟ್ಟುಗಳು. ಎಕ್ಸ್32 ಮತ್ತು ಎಕ್ಸ್32 ರ‍್ಯಾಕ್ ಎರಡರಲ್ಲೂ 40 ಚಾನೆಲ್ಲಿನ ಅದೇ ಎಂಜಿನ್ ಇದೆ, ಮೊದಲನೆಯದಕ್ಕೆ 25 ಮೋಟಾರು ಫೇಡರುಗಳಿದ್ದರೆ ಎರಡನೆಯದಕ್ಕೆ ಒಂದೂ ಇಲ್ಲ. ದೊಡ್ಡ ಮಾದರಿಗೆ ಹೆಚ್ಚು ಕೊಡುವ ಹಣ ಧ್ವನಿಗಲ್ಲ, ಫೇಡರಿಗೆ ಮತ್ತು ಸಾಕೆಟ್ಟಿಗೆ ಎಂದು ತಯಾರಕರೇ ತೋರಿಸಿಕೊಟ್ಟ ಹಾಗಾಯಿತು. ಇವೆರಡರಲ್ಲಿ ಸಾಕೆಟ್ಟಿನ ಕೊರತೆಯನ್ನು ಮುಂದೆ ವೇದಿಕೆಯ ಮೈಕುಗಳನ್ನು ಚುಚ್ಚುವ ಸ್ಟೇಜ್ ಬಾಕ್ಸ್ ಸೇರಿಸಿ ತುಂಬಿಕೊಳ್ಳಬಹುದು, ಫೇಡರಿನ ಕೊರತೆಯನ್ನು ಅಷ್ಟು ಸುಲಭವಾಗಿ ತುಂಬಲು ಬರುವುದಿಲ್ಲ. ಫೇಡರು ಕಡಿಮೆಯಿದ್ದಲ್ಲಿ ಚಾನೆಲ್ಲುಗಳು ಲೇಯರುಗಳಲ್ಲಿ ಒಂದರ ಕೆಳಗೊಂದು ಅಡಗಿರುತ್ತವೆ. ಗಾಯಕಿಯ ಮೈಕು ಮೊದಲ ಲೇಯರಿನಲ್ಲಿದ್ದು ಆಪರೇಟರ್ ಮೂರನೆಯದರಲ್ಲಿ ಕೊಳಲನ್ನು ತಿದ್ದುತ್ತಿರುವಾಗ ಸಿಳ್ಳೆ ಎದ್ದರೆ, ಗುಂಡಿ ಒತ್ತಿ, ಲೇಯರ್ ಬದಲಿಸಿ, ಸರಿಯಾದ ಫೇಡರನ್ನು ಗುರುತಿಸುವಷ್ಟರಲ್ಲಿ ಸಭೆಯೆಲ್ಲ ಕಿವಿ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳ: ಯಂತ್ರ ಯಾವ ಸ್ಥಿತಿಯಲ್ಲಿದ್ದರೂ ಮುಖ್ಯ ಗಾಯನದ ಮೈಕನ್ನು ಮುಚ್ಚಲು, ಒಬ್ಬರ ಮಾನಿಟರಿನಲ್ಲಿ ಶ್ರುತಿ ಏರಿಸಲು, ಎಲ್ಲ ಎಫೆಕ್ಟುಗಳನ್ನು ಒಮ್ಮೆಗೇ ನಿಲ್ಲಿಸಲು ಎಷ್ಟು ಸಲ ಕೈ ಆಡಿಸಬೇಕು ಎಂದು ನೋಡುವುದು. ತಮಗೆ ಬೇಕಾದ ಕ್ರಮದಲ್ಲಿ ಚಾನೆಲ್ಲುಗಳನ್ನು ಜೋಡಿಸಿಕೊಳ್ಳುವ ಕಸ್ಟಮ್ ಲೇಯರ್ ಇದೆಯೇ, ಇಡೀ ತಾಳವಾದ್ಯದ ಗುಂಪನ್ನು ಒಂದೇ ಫೇಡರಿಗೆ ಕಟ್ಟುವ ಡಿಸಿಎಗಳು ಎಷ್ಟಿವೆ ಎಂಬುದು ಇದಕ್ಕೇ ಸೇರಿದ ವಿಷಯ. ಮಾನಿಟರ್ ಹೊಂದಿಸಲು ಫೇಡರುಗಳ ಕೆಲಸವನ್ನೇ ಬದಲಿಸುವ ‘ಸೆಂಡ್ಸ್ ಆನ್ ಫೇಡರ್’ ಎಲ್ಲ ಕಂಪನಿಗಳಲ್ಲೂ ಇದೆ. ಆ ಸ್ಥಿತಿಯಲ್ಲಿದ್ದೇವೆ ಎಂಬುದನ್ನು ಬಣ್ಣದಿಂದಲೋ ದೀಪದಿಂದಲೋ ಎದ್ದು ಕಾಣುವಂತೆ ತೋರಿಸದ ಯಂತ್ರ ಅಪಾಯಕಾರಿ, ಸಭೆಯ ಧ್ವನಿಯೆಂದು ಭಾವಿಸಿ ಮೃದಂಗದವರ ಮಾನಿಟರನ್ನು ಏರಿಸಿಬಿಡುವ ಸಂಭವ ಅಲ್ಲಿ ಹೆಚ್ಚು.

ಟ್ಯಾಬ್ಲೆಟ್ ಇರುವಾಗ ಫೇಡರು ಯಾಕೆ ಎನ್ನುವವರಿದ್ದಾರೆ. ಸೌಂಡ್‌ಕ್ರಾಫ್ಟ್ ಯುಐ24ಆರ್‌ನಂಥ, ಮೇಲ್ಮೈಯೇ ಇಲ್ಲದ ಮಿಕ್ಸರನ್ನು ವೇದಿಕೆಯ ಬದಿಯಲ್ಲಿಟ್ಟು ಎಲ್ಲವನ್ನೂ ವೈಫೈ ಮೂಲಕ ನಡೆಸಬಹುದು. ಹಗುರ, ಅಗ್ಗ, ಸಭೆಯ ನಡುವೆ ಜಾಗ ಬೇಡ. ಟ್ಯಾಬ್ಲೆಟ್ಟಿನ ನಿಜವಾದ ವರ ಬೇರೆ ಇದೆ: ವೇದಿಕೆಗೇ ಹೋಗಿ ಕಲಾವಿದರ ಪಕ್ಕ ಕೂತು, ಅವರಿಗೆ ಕೇಳುವುದನ್ನು ತಾನೂ ಕೇಳುತ್ತ ಮಾನಿಟರ್ ಹೊಂದಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದನ್ನೊಂದನ್ನೇ ನೆಚ್ಚುವುದು ಬೇರೆ ಮಾತು. ಖಾಲಿ ಮೈದಾನದಲ್ಲಿ ಸರಾಗವಾಗಿದ್ದ ಸಂಪರ್ಕ, ಜನ ತುಂಬಿ ಸಾವಿರಾರು ಫೋನುಗಳು ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸೆಣಸತೊಡಗಿದಾಗ ಕಡಿದುಹೋಗುತ್ತದೆ. ಮನುಷ್ಯದೇಹಗಳೂ ಆ ತರಂಗಗಳನ್ನು ಹೀರುತ್ತವೆ. 5 ಗಿಗಾಹರ್ಟ್ಸಿನ ಪ್ರತ್ಯೇಕ ರೌಟರನ್ನು ಎತ್ತರದಲ್ಲಿಟ್ಟರೆ ತೊಂದರೆ ಬಹಳ ಕಡಿಮೆಯಾಗುತ್ತದಾದರೂ ಪೂರ್ತಿ ಹೋಗುವುದಿಲ್ಲ. ಹಗಲಿನ ಬಯಲು ಕಾರ್ಯಕ್ರಮದಲ್ಲಿ ಬಿಸಿಲು ಬಿದ್ದ ಪರದೆ ಕಾಣುವುದೂ ಇಲ್ಲ. ಸಂಪರ್ಕ ತಪ್ಪಿದರೂ ಧ್ವನಿ ನಿಲ್ಲುವುದಿಲ್ಲವಲ್ಲ ಎಂಬ ಸಮಾಧಾನ ಅರ್ಧ ಸತ್ಯ. ಧ್ವನಿ ನಿಲ್ಲದಿರುವುದರಿಂದಲೇ ಆ ಹೊತ್ತಿನ ಫೀಡ್‌ಬ್ಯಾಕ್ ಕೂಡ ನಿಲ್ಲುವುದಿಲ್ಲ.

ಕೈ ಒಂದೇ ಇರುವಲ್ಲಿ ಯಂತ್ರವೇ ಕೈಜೋಡಿಸಬೇಕಾದ ಸಂದರ್ಭಕ್ಕೆ ಯಕ್ಷಗಾನ ಒಳ್ಳೆಯ ನಿದರ್ಶನ. ಭಾಗವತರು, ಮದ್ದಲೆ, ಚಂಡೆಯವರು ಒಂದೆಡೆಯೇ ಇರುತ್ತಾರೆ. ಆದರೆ ವೇಷಧಾರಿಗಳು ರಂಗಸ್ಥಳವೆಲ್ಲ ಸುತ್ತುತ್ತ ಅರ್ಥ ಹೇಳುತ್ತಾರೆ, ಮಾತು ಯಾರ ಬಾಯಿಂದ ಯಾವಾಗ ಚಿಮ್ಮುತ್ತದೆಂದು ಹೇಳಲು ಬರುವುದಿಲ್ಲ. ಐದಾರು ಮೈಕುಗಳನ್ನು ಸದಾ ತೆರೆದಿಟ್ಟರೆ ಚಂಡೆಯ ಸದ್ದು ಎಲ್ಲದರಲ್ಲೂ ನುಗ್ಗಿ ಮಾತು ಮಸುಕಾಗುತ್ತದೆ, ಫೀಡ್‌ಬ್ಯಾಕಿನ ಅಂಚೂ ಹತ್ತಿರವಾಗುತ್ತದೆ. ಕೈಯಿಂದ ತೆರೆದು ಮುಚ್ಚುತ್ತ ಹೋದರೆ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತದೆ. ಅಮೆರಿಕದ ಡ್ಯಾನ್ ಡೂಗನ್ 1970ರ ದಶಕದಲ್ಲಿ ರೂಪಿಸಿದ ಆಟೋಮ್ಯಾಟಿಕ್ ಮಿಕ್ಸರ್ ತೆರೆದಿರುವ ಎಲ್ಲ ಮೈಕುಗಳ ಒಟ್ಟು ಗೇನನ್ನು (ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು) ಒಂದೇ ಮಟ್ಟದಲ್ಲಿರಿಸಿ, ಮಾತಾಡುವವರ ಮೈಕಿಗೆ ಅದರ ಪಾಲನ್ನು ತಾನಾಗಿ ಹೆಚ್ಚು ಹಂಚುತ್ತದೆ. ಯಮಹಾದ ಸಿಎಲ್, ಕ್ಯೂಎಲ್ ಮಿಕ್ಸರುಗಳಲ್ಲಿ ಡೂಗನ್ ಹೆಸರಿನಲ್ಲೇ ಇದು ಸಿಗುತ್ತದೆ, ಬೇರೆ ಕಂಪನಿಗಳಲ್ಲೂ ಇದೇ ಬಗೆಯ ವ್ಯವಸ್ಥೆಯಿದೆ. ಸಂವಾದ ಗೋಷ್ಠಿಗಳಲ್ಲಿ ಹೆಚ್ಚು ಬಳಕೆಯಾಗುವುದಾದರೂ ಅರ್ಥಗಾರಿಕೆಗೂ ತಾಳಮದ್ದಳೆಗೂ ಹೇಳಿಮಾಡಿಸಿದಂತಿದೆ. ಮೇಳಗಳಿಗೆ ಸೌಂಡ್ ಒದಗಿಸುವವರು ಚಾನೆಲ್ ಸಂಖ್ಯೆಗಿಂತ ಮೊದಲು ಇದನ್ನು ಕೇಳಬೇಕು. ಭಾಗವತರ ಮೈಕಿನೊಳಗೆ ಬರುವ ಚಂಡೆಯನ್ನು ಮಾತ್ರ ಯಾವ ಮಿಕ್ಸರೂ ತೆಗೆಯಲಾರದು. ಅದಕ್ಕೆ ಮದ್ದು ಮೈಕಿನ ದಿಕ್ಕು ಮತ್ತು ದೂರ.

ಈಗ ಧ್ವನಿಯ ಗುಣಮಟ್ಟಕ್ಕೆ ಬರಬಹುದು, ಮೇಲಿನ ವಾದಕ್ಕೆ ಅತಿ ಬಲವಾದ ವಿರೋಧ ಬರುವುದು ಅಲ್ಲಿಂದಲೇ. 96 ಕಿಲೋಹರ್ಟ್ಸಿನ ಯಂತ್ರ 48ರದ್ದಕ್ಕಿಂತ ಮೇಲು, ದುಬಾರಿ ಪ್ರೀಆಂಪ್ ಅಗ್ಗದ್ದಕ್ಕಿಂತ ಮೇಲು ಎಂಬುದು ಆ ವಿರೋಧದ ಸಾರ. ಸೆಕೆಂಡಿಗೆ 48 ಸಾವಿರ ಮಾದರಿ ತೆಗೆದರೆ 24 ಕಿಲೋಹರ್ಟ್ಸ್‌ವರೆಗಿನ ಶಬ್ದವನ್ನು ಹಿಡಿಯಬಹುದು. ಎಳೆಯ ಕಿವಿಗೂ ಕೇಳುವ ಮಿತಿ ಸುಮಾರು 20 ಕಿಲೋಹರ್ಟ್ಸ್. ಯಮಹಾದ ಸಿಎಲ್ ಸರಣಿ 48 ಕಿಲೋಹರ್ಟ್ಸಿನಲ್ಲೇ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ವರ್ಷಗಟ್ಟಲೆ ದುಡಿದಿದೆ. ಪ್ರೀಆಂಪಿನ ಗದ್ದಲಕ್ಕೆ ಭೌತಶಾಸ್ತ್ರವೇ ಗೆರೆ ಎಳೆದಿದೆ: 150 ಓಮ್‌ನ ಮೈಕಿನೊಳಗೆ ಉಷ್ಣದಿಂದಲೇ ಹುಟ್ಟುವ ಗದ್ದಲ ಸುಮಾರು ಮೈನಸ್ 131 ಡಿಬಿಯು, ಅದಕ್ಕಿಂತ ಕೆಳಗಿಳಿಯಲು ಯಾರಿಂದಲೂ ಆಗದು. ಇಂದಿನ ಸಾಧಾರಣ ಮಿಕ್ಸರುಗಳೂ ಆ ಗೆರೆಗೆ ಕೆಲವೇ ಡೆಸಿಬೆಲ್ ಹತ್ತಿರದಲ್ಲಿವೆ. ಜನರೇಟರಿನ ಗುಡುಗು, ರಸ್ತೆಯ ಹಾರ್ನು, ಜನರ ಮಾತು ತುಂಬಿದ ಬಯಲಿನಲ್ಲಿ ಆ ಕೆಲವು ಡೆಸಿಬೆಲ್ ಕೇಳಿಸುವುದು ಅಸಾಧ್ಯ. ಅದೇ ಹಣವನ್ನು ಒಳ್ಳೆಯ ಮೈಕಿಗೋ ಸ್ಪೀಕರಿಗೋ ಹಾಕಿದರೆ ಮಾತ್ರ ಹಿಂದಿನ ಸಾಲಿನವರಿಗೂ ವ್ಯತ್ಯಾಸ ತಿಳಿಯುತ್ತದೆ.

96 ಕಿಲೋಹರ್ಟ್ಸಿನ ಪರವಾದ ಗಟ್ಟಿ ಕಾರಣ ಕಿವಿಯ ಮಿತಿಯದಲ್ಲ, ತಡದ್ದು. ಸಂಕೇತವನ್ನು ಸಂಖ್ಯೆಯಾಗಿಸುವ, ಮತ್ತೆ ಮರಳಿಸುವ ಫಿಲ್ಟರುಗಳಿಗೆ ಇಂತಿಷ್ಟು ಮಾದರಿಗಳಷ್ಟು ಹೊತ್ತು ಬೇಕು, ಮಾದರಿಗಳು ಬೇಗ ಬೇಗ ಬಂದರೆ ತಡ ಕುಗ್ಗುತ್ತದೆ. ಮಾನಿಟರ್ ಸ್ಪೀಕರ್ ಬಳಸುವವರಿಗೆ ಇದು ನಗಣ್ಯ. 1 ಮಿಲಿಸೆಕೆಂಡ್ ತಡವೆಂದರೆ ಸ್ಪೀಕರನ್ನು 34 ಸೆಂಟಿಮೀಟರ್ ಹಿಂದೆ ಸರಿಸಿದಷ್ಟೇ. ಇನ್-ಇಯರ್ ಹಾಕಿದ ಗಾಯಕರ ಸಂಗತಿ ಬೇರೆ. ಅವರ ದನಿ ತಲೆಯ ಎಲುಬಿನ ಮೂಲಕ ಕಿವಿಗೆ ಒಮ್ಮೆ ಮುಟ್ಟಿರುತ್ತದೆ, ಯಂತ್ರದಿಂದ ತಡವಾಗಿ ಬಂದದ್ದು ಅದಕ್ಕೆ ಸೇರಿದಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸುತ್ತವೆ. ತಡ 1 ಮಿಲಿಸೆಕೆಂಡ್ ಆದರೆ ಮೊದಲ ಅಳಿವು 500 ಹರ್ಟ್ಸಿನಲ್ಲಿ, 2.5 ಆದರೆ 200 ಹರ್ಟ್ಸಿನಲ್ಲಿ. ಎರಡೂ ಮನುಷ್ಯದನಿಯ ವ್ಯಾಪ್ತಿಯೊಳಗಿನವೇ. ಹಾಗೆಂದು ತಡವನ್ನು ನಿರ್ಧರಿಸುವುದು ಮಾದರಿ ವೇಗವೊಂದೇ ಅಲ್ಲ, ಒಳಗಿನ ವಿನ್ಯಾಸವೂ ಹೌದು. ಎಕ್ಸ್32 48 ಕಿಲೋಹರ್ಟ್ಸಿನಲ್ಲಿ ಓಡಿಯೂ 1 ಮಿಲಿಸೆಕೆಂಡಿಗಿಂತ ಕಡಿಮೆ ತಡದಲ್ಲಿ ಕೆಲಸ ಮುಗಿಸುತ್ತದೆ. ಡಿಜಿಟಲ್ ವೈರ್‌ಲೆಸ್ ಮೈಕ್, ಹೊರಗಿನ ಪ್ಲಗಿನ್ ಕಂಪ್ಯೂಟರ್ ಎಲ್ಲವೂ ತಮ್ಮ ತಮ್ಮ ಪಾಲನ್ನು ಕೂಡಿಸುವುದರಿಂದ ಪಟ್ಟಿಯಲ್ಲಿ ನೋಡಬೇಕಾದದ್ದು ಮೈಕಿನಿಂದ ಕಿವಿಯವರೆಗಿನ ಒಟ್ಟು ತಡ. ಮೃದಂಗದ ಎರಡು ಮೈಕುಗಳಲ್ಲಿ ಒಂದನ್ನು ಮಾತ್ರ ಪ್ಲಗಿನ್ ಮೂಲಕ ಕಳಿಸಿದರೆ ಇದೇ ಅಳಿವು ಸಭೆಗೂ ಕೇಳುತ್ತದೆ. ಅನಲಾಗಿನಿಂದ ಬಂದ ಕೈಗಳು ಹೊಸದಾಗಿ ಕಲಿಯಬೇಕಾದ ಇನ್ನೊಂದು ವಿಷಯ ಗೇನ್. ಅನಲಾಗ್ ಮಿತಿ ಮೀರಿದಾಗ ಮೆಲ್ಲಮೆಲ್ಲನೆ ಒರಟಾಗುತ್ತದೆ, ಡಿಜಿಟಲ್ ಪೂರ್ಣಮಟ್ಟ ಮುಟ್ಟಿದೊಡನೆ ಕತ್ತರಿಸಿದಂತೆ ಒಡೆಯುತ್ತದೆ. ಸರಾಸರಿ ಮಟ್ಟವನ್ನು ಪೂರ್ಣಮಟ್ಟಕ್ಕಿಂತ ಸುಮಾರು 18 ಡೆಸಿಬೆಲ್ ಕೆಳಗೆ ಇಟ್ಟುಕೊಂಡರೆ ಚಂಡೆಯ ಏಟಿಗೂ ಜಾಗವಿರುತ್ತದೆ.

ವೇದಿಕೆಗೂ ಮಿಕ್ಸರಿಗೂ ನಡುವಿನ ದಾರಿ ಆಯ್ಕೆಯ ಮುಖ್ಯ ಭಾಗ. ದಪ್ಪನೆಯ ಸ್ನೇಕ್ ಕೇಬಲ್ಲಿನ ಜಾಗದಲ್ಲಿ ಈಗ ಕ್ಯಾಟ್5ಇ ಬಗೆಯ ಒಂದೇ ತೆಳುವಾದ ಕೇಬಲ್ ಸ್ಟೇಜ್ ಬಾಕ್ಸಿನಿಂದ ಬರುತ್ತದೆ, ಅದರ ಮಿತಿ 100 ಮೀಟರ್. ಬೆಹ್ರಿಂಗರ್ ಮತ್ತು ಮಿಡಾಸ್ ಎಇಎಸ್50 ಎಂಬ ಭಾಷೆಯಲ್ಲಿ ಮಾತಾಡುತ್ತವೆ, ಅದರ ಒಂದು ಕೇಬಲ್ಲಿನಲ್ಲಿ 48 ಚಾನೆಲ್ ಎರಡೂ ದಿಕ್ಕಿಗೆ ಸಾಗುತ್ತವೆ. ಯಮಹಾದ ಸಿಎಲ್, ಕ್ಯೂಎಲ್ ಬಳಸುವುದು ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ಡಾಂಟೆ. ಡಾಂಟೆ ಸಾಮಾನ್ಯ ನೆಟ್‌ವರ್ಕ್ ಸ್ವಿಚ್ಚುಗಳ ಮೂಲಕವೂ ಓಡುತ್ತದೆ, ಬೇರೆ ಬೇರೆ ಕಂಪನಿಗಳ ಯಂತ್ರಗಳು ಅದರಲ್ಲಿ ಕೂಡಿಕೊಳ್ಳಬಲ್ಲವು, ಎರಡನೆಯ ಕೇಬಲ್ ಎಳೆದರೆ ಮೊದಲನೆಯದು ತುಂಡಾದಾಗ ಧ್ವನಿ ತಡೆಯಿಲ್ಲದೆ ಮುಂದುವರಿಯುತ್ತದೆ. ಜಾತ್ರೆಯ ಮೈದಾನದಲ್ಲಿ ಕೇಬಲ್ಲಿನ ಮೇಲೆ ಗಾಡಿ ಹಾಯುವುದು ದಿನನಿತ್ಯದ ಮಾತಾದ್ದರಿಂದ ಈ ಎರಡನೆಯ ಕೇಬಲ್ ಐಷಾರಾಮವಲ್ಲ. ಸಭೆಗೊಂದು, ಮಾನಿಟರಿಗೊಂದು ಹೀಗೆ ಎರಡು ಮಿಕ್ಸರುಗಳು ಒಂದೇ ಸ್ಟೇಜ್ ಬಾಕ್ಸನ್ನು ಹಂಚಿಕೊಂಡರೆ ಒಬ್ಬರು ಗೇನ್ ಮುಟ್ಟಿದ್ದು ಇನ್ನೊಬ್ಬರ ಮಿಕ್ಸನ್ನೂ ಕೆಡಿಸುತ್ತದೆ. ಆ ಬದಲಾವಣೆಯನ್ನು ತಾನೇ ಸರಿದೂಗಿಸುವ ಗೇನ್ ಕಾಂಪೆನ್ಸೇಶನ್ ಇರುವ ವ್ಯವಸ್ಥೆ ಅಲ್ಲಿ ಬೇಕು.

ವಿದ್ಯುತ್ತು ಮತ್ತು ಕಾನೂನು ನಮ್ಮ ನಾಡಿನ ಆಯ್ಕೆಯನ್ನು ಬೇರೆ ದೇಶಗಳಿಗಿಂತ ಹೆಚ್ಚು ಬಿಗಿಗೊಳಿಸುತ್ತವೆ. ಲೈನಿನಿಂದ ಜನರೇಟರಿಗೆ ಬದಲಾಯಿಸುವ ಕ್ಷಣದ ಕತ್ತಲು ಅನಲಾಗ್ ಮಿಕ್ಸರಿಗೆ ಒಂದು ಕ್ಷಣದ ಮೌನವಾಗಿತ್ತು. ಡಿಜಿಟಲ್ ಯಂತ್ರ ಮತ್ತೆ ಎದ್ದು ನಿಲ್ಲಲು ಹೊತ್ತು ಹಿಡಿಯುತ್ತದೆ. ಮಿಕ್ಸರಿಗೆ ಯುಪಿಎಸ್ ಕೊಟ್ಟು ಸ್ಟೇಜ್ ಬಾಕ್ಸನ್ನೂ ರೌಟರನ್ನೂ ಮರೆತರೆ ಪ್ರಯೋಜನವಿಲ್ಲ, ಮೂರಕ್ಕೂ ಬೇಕು. ಎರಡು ಪವರ್ ಸಪ್ಲೈ ಇರುವ ಮಿಕ್ಸರುಗಳು ದುಬಾರಿ. ಡಿಜಿಕೋದ ಎಸ್‌ಡಿ7ರಲ್ಲಿ ಇಡೀ ಎಂಜಿನ್ನೇ ಎರಡಿವೆ. ಅಷ್ಟು ದೂರ ಹೋಗಲಾಗದವರು, ಮುಖ್ಯ ಗಾಯನ ಮತ್ತು ನಿರೂಪಣೆಯ ಮೈಕನ್ನಾದರೂ ಸ್ಪೀಕರಿಗೆ ಮುಟ್ಟಿಸಬಲ್ಲ ಒಂದು ಚಿಕ್ಕ ಅನಲಾಗ್ ಮಿಕ್ಸರನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಇನ್ನು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಹತ್ತು ಗಂಟೆಯ ಗೆರೆ ಇರುವಲ್ಲಿ ತಂಡದಿಂದ ತಂಡಕ್ಕೆ ಬದಲಾಗುವ ಪ್ರತಿ ನಿಮಿಷವೂ ಕಲಾವಿದರಿಂದ ಕಸಿದದ್ದೇ ಆದ್ದರಿಂದ ಸೀನುಗಳ ಬೆಲೆ ಹೆಚ್ಚುತ್ತದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದ ಆ ಪ್ರದೇಶದ ಮಾನದಂಡಕ್ಕಿಂತ 10 ಡೆಸಿಬೆಲ್ ಮೇಲೆ ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಎಲ್ಲ ಸ್ಪೀಕರುಗಳನ್ನೂ ಒಂದೇ ಮಿಕ್ಸಿನಿಂದ ನಡೆಸುವವರಿಗೆ ಇದನ್ನು ಪಾಲಿಸಲು ಇಡೀ ಸಭೆಯ ಧ್ವನಿಯನ್ನೇ ಇಳಿಸಬೇಕಾಗುತ್ತದೆ. ಗಡಿಗೆ ಹತ್ತಿರದ ಸ್ಪೀಕರನ್ನೂ ಸಬ್‌ವೂಫರನ್ನೂ ಬೇರೆ ಮ್ಯಾಟ್ರಿಕ್ಸಿನಿಂದ ನಡೆಸುವವರು ಅಷ್ಟನ್ನು ಮಾತ್ರ ತಗ್ಗಿಸುತ್ತಾರೆ. ಹೊರಹೋಗುವ ದಾರಿಗಳ ಲೆಕ್ಕ ಇಲ್ಲಿ ನೆರೆಹೊರೆಯ ನಿದ್ದೆಗೂ ಸಂಬಂಧಿಸಿದ್ದು.

ಹೀಗಾದರೆ ಎಲ್ಲರೂ ಅತಿ ದೊಡ್ಡ ಯಂತ್ರವನ್ನೇ ಕೊಳ್ಳಲಿ ಎಂದಾಗುವುದಿಲ್ಲವೇ? ಇಲ್ಲ, ಏಕೆಂದರೆ ನಡೆಸುವವರಿಲ್ಲದ ಫೇಡರಿಗೆ ಬೆಲೆಯಿಲ್ಲ. ಒಂದು ಕಂಪನಿಯ ಸೀನ್ ಫೈಲ್ ಇನ್ನೊಂದರಲ್ಲಿ ತೆರೆಯದು. ಹೊರಗಿನಿಂದ ಬರುವ ಗಾಯಕರ ಎಂಜಿನಿಯರುಗಳು ಟೆಕ್ನಿಕಲ್ ರೈಡರಿನಲ್ಲಿ ತಮಗೆ ಪರಿಚಿತ ಮಾದರಿಗಳನ್ನೇ ಬರೆದಿರುತ್ತಾರೆ. ಆಯಾ ಭಾಗದ ಆಪರೇಟರುಗಳ ಕೈಗೆ ಯಾವುದು ಪಳಗಿದೆಯೋ ಅದು ಕೆಟ್ಟಾಗ ಬದಲಿಯಾಗಿ ಪಕ್ಕದ ಊರಿನಲ್ಲಿ ಸಿಗುತ್ತದೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಸರಿಯಾದ ಆಯ್ಕೆ ಮಂಗಳೂರಿನಲ್ಲಿ ಸರಿಯಾಗಬೇಕೆಂದಿಲ್ಲ. ಕೈ ಪಳಗಿಸಿಕೊಳ್ಳಲು ದುಬಾರಿಯಲ್ಲದ ಒಂದು ದಾರಿಯಿದೆ: ಎಕ್ಸ್32, ಎಸ್‌ಕ್ಯೂಗಳಲ್ಲಿ ಯುಎಸ್‌ಬಿ ಮೂಲಕ 32 ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಕಂಪ್ಯೂಟರಿಗೆ ಮುದ್ರಿಸಿಕೊಂಡು, ಮರುದಿನ ಅದನ್ನೇ ಮಿಕ್ಸರಿನ ಮೂಲಕ ಮರಳಿ ಹರಿಸಿ, ಕಲಾವಿದರಿಲ್ಲದೆಯೇ ಇಡೀ ಕಾರ್ಯಕ್ರಮವನ್ನು ಮತ್ತೆ ಮಿಕ್ಸ್ ಮಾಡಬಹುದು. ಹೊಸ ಹುಡುಗರಿಗೆ ಕೆಲಸ ಕಲಿಸಲು ಸಭೆಯನ್ನು ಬಲಿಕೊಡಬೇಕಿಲ್ಲ. ಹಳೆಯ ಯಂತ್ರ ಕೊಳ್ಳುವವರು ಪ್ರತಿ ಫೇಡರನ್ನೂ ಸೀನ್ ಬದಲಿಸಿ ಓಡಿಸಿ ನೋಡಬೇಕು, ಧೂಳು ಹಿಡಿದ ಮೋಟಾರು ತಡವರಿಸುತ್ತದೆ. ಟಚ್‌ಸ್ಕ್ರೀನಿನ ನಾಲ್ಕು ಮೂಲೆಗಳನ್ನೂ ಮುಟ್ಟಿ, ಪ್ರತಿ ಸಾಕೆಟ್ಟಿಗೂ ಮೈಕು ಚುಚ್ಚಿ, 48 ವೋಲ್ಟ್ ಫ್ಯಾಂಟಮ್ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಫೇಡರು, ಪರದೆ, ಪವರ್ ಸಪ್ಲೈ ಬಿಡಿಭಾಗಗಳನ್ನು ಆ ಕಂಪನಿ ಇನ್ನೂ ಒದಗಿಸುತ್ತಿದೆಯೇ, ದುರಸ್ತಿ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.